ಪೋರ್ಚಿನ ಬಲಗಡೆ ಕಂಬ

ರೋಣದ ಬಸ್ ನಿಲ್ದಾಣದಿಂದ ಮಾರ್ಕೆಟ್ ಕಡೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಒಂದು ಕಂಪ್ಯೂಟರ್, ಎರಡು ಕುರ್ಚಿ, ಬೇಸಿಗೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸಿ ಕೊಡುವ ಒಂದು ಫ್ಯಾನು. ಬೋರ್ಡಿನ ಮೇಲೆ ‘ತ್ರೀಡಿ ಅನಿಮೇಶನ್’ ಎಂದು ದೊಡ್ಡದಾಗಿ ಬರೆಸಿದ್ದೇನೆ. ಜನರಿಗೆ ಮಾತ್ರ ಇದು ‘ಮನಿ ಸಿನಿಮಾದ ಅಂಗಡಿ’. ಇನ್ನೂ ಪಾಯ ತೋಡದ ಮನೆಯೊಳಗೆ ನಾನು ಅವರನ್ನು ಕರೆದುಕೊಂಡು ಹೋಗುತ್ತೇನೆ. ಗೇಟು ತೆರೆಯುತ್ತದೆ, ಮೆಟ್ಟಿಲು ಹತ್ತುತ್ತೇವೆ, ಪಡಸಾಲೆ ದಾಟುತ್ತೇವೆ, ಅಡುಗೆಮನೆಯ ಕಿಟಕಿಯಿಂದ ಬಿಸಿಲು ಒಳಗೆ ಬೀಳುತ್ತದೆ. ಎರಡು ನಿಮಿಷದ ಆ ಓಡಾಟಕ್ಕೆ ನನಗೆ ಹತ್ತು ಹದಿನೈದು ದಿನ ಬೇಕು. ನೋಡಿದವರು ‘ಇಷ್ಟ ಏನ್ರಿ?’ ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ನುಂಗಿಕೊಂಡು ಚಹಾ ತರಿಸುತ್ತೇನೆ.

ನಮ್ಮ ಅಬ್ಬಾ ಗೌಂಡಿ, ಮನೆ ಕಟ್ಟುವ ಮೇಸ್ತ್ರಿ. ಗಜೇಂದ್ರಗಡದಲ್ಲಿ ಒಬ್ಬ ಹಿರಿಯ ಗೌಂಡಿಯ ಕೈಕೆಳಗೆ ಕೆಲಸ ಕಲಿತವರು. ಮನೆಯಲ್ಲಿ ನಾವು ಆಡುವುದು ನಮ್ಮ ಕಡೆಯ ಉರ್ದು. ಆದರೆ ಕಟ್ಟಡದ ಮಾತು ಬಂತೆಂದರೆ ಅಬ್ಬಾ ಕನ್ನಡಕ್ಕೆ ತಿರುಗುತ್ತಾರೆ. ಅವರ ಗುರು ಕಲಿಸಿದ್ದು, ಬೈದದ್ದು ಎಲ್ಲ ಕನ್ನಡದಲ್ಲೇ. ಎಂಜಿನಿಯರ್ ಕೊಟ್ಟ ನಕ್ಷೆ ಅವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅಂಕಿ ಓದುತ್ತಾರೆ, ಗೆರೆ ಓದಲು ಬಾರದು. ಮೊದಲೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ಇಲ್ಲಿ ಬಾಗಿಲು, ಇಲ್ಲಿ ಕಿಟಕಿ ಎಂದು ಹೇಳಬೇಕಿತ್ತು. ನಾನು ಗದಗದಲ್ಲಿ ಅನಿಮೇಶನ್ ಕಲಿತು ಬಂದು ಮೊದಲ ಮನೆಯ ವಿಡಿಯೋ ತೋರಿಸಿದ ದಿನ ಅವರು ಮೊಬೈಲ್ ಹಿಡಿದುಕೊಂಡು ಅದನ್ನು ಮತ್ತೆ ಮತ್ತೆ ಹಾಕಿ ನೋಡಿದರು. ಆಮೇಲೆ, ‘ಇನ್ನ ನಾ ಯಾರನ್ನೂ ಕೇಳೂದು ಬ್ಯಾಡ’ ಎಂದರು. ಅಂದಿನಿಂದ ಅವರು ಕಟ್ಟುವುದು ನನ್ನ ವಿಡಿಯೋ ನೋಡಿ. ನನಗೆ ಅದರಿಂದ ಎಷ್ಟು ಜಂಬ ಬಂತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಚಿಕ್ಕವಳಿದ್ದಾಗ ಅವರ ಅಳತೆ ಪುಸ್ತಕದ ಅಂಚಿನಲ್ಲಿ ನಾನು ಏಣಿ ಹತ್ತುವ ಮನುಷ್ಯನನ್ನು ಬರೆಯುತ್ತಿದ್ದೆ. ಹಾಳೆಗೊಂದು ಚಿತ್ರ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟರೆ ಅವನು ಒಂದೊಂದೇ ಮೆಟ್ಟಿಲು ಏರಿ, ಹಾಗೆಯೇ ಇಳಿದು ನೆಲಕ್ಕೆ ಬರುತ್ತಿದ್ದ. ಒಮ್ಮೆ ಅಬ್ಬಾ ಯಾರಿಗೋ ಬಾಗಿಲಿನ ಅಳತೆ ಬರೆದುಕೊಡಲು ಅವನು ಇಳಿಯುವ ಕೆಲವು ಹಾಳೆ ಹರಿದುಕೊಂಡಿದ್ದರು. ಏಣಿಯ ತುದಿಯಲ್ಲಿದ್ದವನು ಮರುಕ್ಷಣ ನೆಲದ ಮೇಲಿದ್ದ. ನಾನು ಬಿದ್ದು ಬಿದ್ದು ನಕ್ಕೆ. ಅಬ್ಬಾ ನಗಲಿಲ್ಲ. ‘ಹಂಗ ಬೀಳಸಬ್ಯಾಡ ಬೇಟಿ. ಇಳಿಯೂದನ್ನ ತಿರುಗಿ ಬರಿ’ ಎಂದರು. ನಾನು ಮತ್ತೆ ಕೂತು ಅವನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ.

ಸ್ಲ್ಯಾಬ್ ಹಾಕಿ ಮೂರು ವಾರ ಕಳೆದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತಾರೆ. ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊತ್ತುಕೊಂಡಿದ್ದ ತಗಡು, ಆಸರೆಯ ಕಟ್ಟಿಗೆ ಎಲ್ಲ ತೆಗೆಯುವ ದಿನ ಅದು. ಆಳುಗಳು ಒಂದೊಂದಾಗಿ ತೆಗೆಯುತ್ತಾ ಬಂದು ಕೊನೆಯ ಒಂದೆರಡು ಕಟ್ಟಿಗೆ ಬಿಡುತ್ತಾರೆ. ಆಗ ಅಬ್ಬಾ ಎಲ್ಲರನ್ನೂ ಹೊರಗೆ ಕಳಿಸಿ, ತಾವೊಬ್ಬರೇ ಸ್ಲ್ಯಾಬಿನ ಕೆಳಗೆ ಹೋಗಿ, ಬಿಸ್ಮಿಲ್ಲಾ ಎಂದು ಕಟ್ಟಿಗೆಯ ಬುಡದ ಬೆಣೆಗೆ ಸುತ್ತಿಗೆ ಹಾಕುತ್ತಾರೆ. ಬಿದ್ದರೆ ಕಟ್ಟಿದವನ ಮೇಲೆಯೇ ಬೀಳಲಿ ಎಂದು ಗಜೇಂದ್ರಗಡದ ಗುರು ಹಾಕಿಕೊಟ್ಟ ಪದ್ಧತಿ. ಕೆಲಸ ಮುಗಿಸಿ ಹೊರಗೆ ಬಂದವರೇ ತಲೆಯ ಧೂಳು ಕೊಡವಿಕೊಂಡು ಚಹಾ ಕೇಳುತ್ತಿದ್ದರು. ಅಂಜಿಕೆ ಎನ್ನುವುದು ಅವರ ಹತ್ತಿರ ಸುಳಿಯುವುದಿಲ್ಲ ಎಂದೇ ನಾನು ತಿಳಿದಿದ್ದೆ.

ಅಬ್ಬಾ ಆಗ ಕಟ್ಟುತ್ತಿದ್ದ ಹೊಳೆಮಣ್ಣೂರಿನ ಮನೆ ಒಬ್ಬ ಹೆಣ್ಣುಮಗಳದು. ಮಲಪ್ರಭೆ ಏರಿ ಬಂದಾಗಲೆಲ್ಲ ಹಳೆಯ ಮನೆಗೆ ನೀರು ಹೊಕ್ಕು, ಗೋಡೆ ಮೆತ್ತಗಾಗಿ, ಕೊನೆಗೆ ಬೇಸತ್ತು ಎತ್ತರದ ಜಾಗದಲ್ಲಿ ಹೊಸದು ಕಟ್ಟಿಸುತ್ತಿದ್ದರು. ಕಡಲೆ, ಉಳ್ಳಾಗಡ್ಡಿ ಬೆಳೆಯುವ, ಟ್ರ್ಯಾಕ್ಟರ್ ತಾವೇ ಓಡಿಸುವ, ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು. ಮನೆಯ ಗೋಡೆ ಎದ್ದ ಮೇಲೆ ಅವರಿಗೆ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಲು ಒಂದು ಪೋರ್ಚು ಬೇಕೆನಿಸಿತು. ಎಂಜಿನಿಯರ್ ಹೊಸ ನಕ್ಷೆ ಕಳಿಸಿದರು. ಅದರಲ್ಲಿ ಮುಂದಿನ ಮೂಲೆಗಳಿಗೆ ಎರಡು ಕಂಬ, ಎಡಕ್ಕೊಂದು, ಬಲಕ್ಕೊಂದು. ಅದನ್ನು ನೋಡಿ ನಾನು ಹೊಸ ವಿಡಿಯೋ ಮಾಡಿದೆ.

ಕ್ಯಾಮರಾ ಬಲಗಡೆಯಿಂದ ಬಾಗಿ ಬಂದು ಬಾಗಿಲಿನ ಕಡೆ ತಿರುಗುವಂತೆ ದಾರಿ ಹಾಕಿದ್ದೆ. ಬಹಳ ಚಂದದ ತಿರುವು. ಆದರೆ ಬಲಗಡೆಯ ಕಂಬ ಸರಿಯಾಗಿ ಅದರ ದಾರಿಗೇ ಅಡ್ಡ ಬರುತ್ತಿತ್ತು. ಕ್ಯಾಮರಾ ಕಂಬದೊಳಗೆ ಹೊಕ್ಕು, ಒಂದು ಕ್ಷಣ ಬೂದು ಕತ್ತಲೆ ತೋರಿಸಿ, ಆಚೆ ಬರುತ್ತಿತ್ತು. ದಾರಿ ಬದಲಿಸಿದರೆ ವಾರದ ಕೆಲಸ ಹಾಳು. ಇದಕ್ಕೆ ನಮ್ಮಲ್ಲಿ ಸುಲಭದ ಉಪಾಯವಿದೆ. ಅಡ್ಡ ಬರುವ ವಸ್ತುವನ್ನು ಕ್ಯಾಮರಾದ ಕಣ್ಣಿಗಷ್ಟೇ ಕಾಣದಂತೆ ಮಾಡಬಹುದು. ವಸ್ತು ಇದ್ದಲ್ಲೇ ಇರುತ್ತದೆ, ನೋಡುವವರಿಗೆ ಕಾಣುವುದಿಲ್ಲ. ಸಿನಿಮಾದವರು ಗೋಡೆಗಳನ್ನೇ ಹೀಗೆ ತೆಗೆದು ಬದಿಗಿಡುತ್ತಾರಂತೆ, ನಾನು ತೆಗೆದದ್ದು ಒಂದು ಕಂಬ. ನಕ್ಷೆಯಲ್ಲಿ ಹೇಗೂ ಇದೆಯಲ್ಲ ಎಂದುಕೊಂಡೆ. ನಕ್ಷೆಯನ್ನು ಯಾರು ನೋಡುತ್ತಾರೆ ಎಂದು ಯೋಚಿಸಲಿಲ್ಲ.

ಒಂದು ಮಧ್ಯಾಹ್ನ ಅಬ್ಬಾ ಅಂಗಡಿಗೆ ಬಂದರು. ನಾನು ನರಗುಂದದ ಗಿರಾಕಿಯೊಬ್ಬರ ಜೊತೆ ಫೋನಿನಲ್ಲಿದ್ದೆ. ಅಬ್ಬಾ ಮೊಬೈಲಿನಲ್ಲಿ ವಿಡಿಯೋ ನಿಲ್ಲಿಸಿ ನನ್ನ ಮುಂದೆ ಹಿಡಿದರು.

‘ಇಲ್ಲೊಂದು ನೆರಳ ಬಿದ್ದೈತಿ ನೋಡು. ಯಾತರದಿದು?’

ನೆಲದ ಮೇಲೆ ಉದ್ದಕ್ಕೆ ಒಂದು ನೆರಳು ಮಲಗಿತ್ತು. ಕಂಬವನ್ನು ಕ್ಯಾಮರಾದಿಂದ ಮುಚ್ಚಿದ್ದೆನೇ ಹೊರತು ಬಿಸಿಲಿನಿಂದ ಮುಚ್ಚಿರಲಿಲ್ಲ. ಬರೀ ನೆರಳು ಉಳಿದುಬಿಟ್ಟಿತ್ತು. ನೂರಾರು ಜನ ನೋಡಿದರೂ ಯಾರ ಕಣ್ಣಿಗೂ ಬೀಳದ ಹುಳುಕು ಅದು. ದಿನವಿಡೀ ಬಿಸಿಲಿನಲ್ಲಿ ನಿಂತು ಕೆಲಸ ಮಾಡುವ ಮನುಷ್ಯನಿಗೆ ಕಂಡಿತ್ತು. ನನಗೆ ಅವಮಾನವಾಯಿತು. ಫೋನಿಗೆ ಕೈ ಅಡ್ಡ ಹಿಡಿದು, ‘ಅದು ತಪ್ಪೈತ್ರಿ ಅಬ್ಬಾ. ಇವತ್ತ ತಗದು ಬ್ಯಾರೆ ಕಳಸ್ತೀನಿ’ ಎಂದೆ.

‘ತಪ್ಪೇನ?’ ಎಂದರು ಅಬ್ಬಾ. ಮೊಬೈಲ್ ಜೇಬಿಗೆ ಹಾಕಿಕೊಂಡರು. ಅವರು ಒಂದು ಮಾತನ್ನು ಎರಡು ಸಲ ಕೇಳುವವರಲ್ಲ. ‘ಆತು, ನೀ ಓದಿದಾಕಿ’ ಎಂದು ಹೊರಟರು.

ಅವತ್ತೇ ಸಂಜೆ ನೆರಳನ್ನು ಅಳಿಸಿದೆ. ಅದಕ್ಕೆ ಒಂದೇ ಗುಂಡಿ ಒತ್ತಿದರೆ ಸಾಕು. ಕಂಪ್ಯೂಟರಿನ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಹೆಸರಿನ ಪಕ್ಕ ಒಂದು ಸಣ್ಣ ಕಣ್ಣಿನ ಚಿತ್ರವಿರುತ್ತದೆ. ಅದನ್ನು ಒತ್ತಿದರೆ ಕಣ್ಣು ಮುಚ್ಚುತ್ತದೆ, ವಸ್ತುವೂ ಅದರ ನೆರಳೂ ಒಟ್ಟಿಗೇ ಹೋಗುತ್ತವೆ. ಹೊಸ ವಿಡಿಯೋ ಕಳಿಸಿ ಊಟಕ್ಕೆ ಕೂತೆ. ಅಬ್ಬಾ ಎದುರಿಗೇ ಊಟ ಮಾಡುತ್ತಿದ್ದರು. ಇಬ್ಬರೂ ಬೇರೇನೋ ಮಾತಾಡಿದೆವು.

ಮನೆಯಾಕೆಗೆ ಆ ವಿಡಿಯೋ ಎಂದರೆ ಪ್ರಾಣ. ಬೀಗರಿಗೆ, ಬಂಧುಗಳಿಗೆ, ಗೊಬ್ಬರದ ಅಂಗಡಿಯವರಿಗೆ ಕೂಡ ತೋರಿಸಿದ್ದರಂತೆ. ಒಂದೇ ಕಂಬದ ಮೇಲೆ ನಿಂತ ಆ ಪೋರ್ಚು ಅವರಿಗೆ ಬಹಳ ಹಿಡಿಸಿತ್ತು. ‘ಇದರಾಗ ಹ್ಯಾಂಗೈತಿ ಹಂಗ ಆಗಬೇಕ್ರಿ ಮೇಸ್ತ್ರಿ’ ಎಂದು ದಿನಾ ಹೇಳುತ್ತಿದ್ದರು. ಅಬ್ಬಾ ಹಾಗೆಯೇ ಕಟ್ಟಿದರು. ಅವರು ನನಗೆ ಕೆಲಸದ ಫೋಟೋ ಕಳಿಸುತ್ತಿದ್ದರು, ನಾನು ತೆರೆದು ನೋಡದೆ ಒಂದು ಹೆಬ್ಬೆರಳಿನ ಚಿತ್ರ ವಾಪಸು ಕಳಿಸುತ್ತಿದ್ದೆ.

ಪೋರ್ಚಿನ ಸ್ಲ್ಯಾಬಿಗೆ ಮೂರು ವಾರ ತುಂಬಿದ ದಿನ ಬೆಳಿಗ್ಗೆ ಅಬ್ಬಾ ಬುತ್ತಿ ಕಟ್ಟಿಸಿಕೊಂಡು, ‘ಇವತ್ತ ಪೋರ್ಚ್ ಬಿಚ್ಚೂದೈತಿ’ ಎಂದು ಹೇಳಿ ಹೋದರು. ನಾನು ಅಂಗಡಿಗೆ ಬಂದೆ. ನರಗುಂದದ ಗಿರಾಕಿಗೂ ಅಂಥದೇ ಪೋರ್ಚು ಬೇಕಿತ್ತು. ಹೊಸದಾಗಿ ಯಾಕೆ ಮಾಡುವುದು ಎಂದು ಹೊಳೆಮಣ್ಣೂರಿನ ಫೈಲು ತೆರೆದೆ. ಪಟ್ಟಿಯಲ್ಲಿ ಸಾಲಾಗಿ ಕಣ್ಣುಗಳು ತೆರೆದಿದ್ದವು. ಗೋಡೆ, ಬಾಗಿಲು, ಮೆಟ್ಟಿಲು, ಎಡಗಡೆ ಕಂಬ. ಬಲಗಡೆ ಕಂಬದ ಕಣ್ಣು ಮಾತ್ರ ಮುಚ್ಚಿತ್ತು.

ಮೊದಲು ನನಗೆ ಏನೂ ಅನಿಸಲಿಲ್ಲ. ಆಮೇಲೆ ಅಬ್ಬಾ ಅಂಗಡಿಯಲ್ಲಿ ನಿಂತು ಕೇಳಿದ್ದು ನೆನಪಾಯಿತು. ಮೊಬೈಲ್ ತೆಗೆದು ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಆಸರೆಯ ಕಟ್ಟಿಗೆಗಳ ಗುಂಪಿನ ನಡುವೆ ಎಡಗಡೆ ದಪ್ಪ ಕಂಬ ಕಾಣುತ್ತಿತ್ತು. ಬಲಗಡೆ ಬರೀ ಕಟ್ಟಿಗೆ. ಎಲ್ಲ ಫೋಟೋದಲ್ಲೂ ಬರೀ ಕಟ್ಟಿಗೆ. ಅಬ್ಬಾರ ನಂಬರ್ ಒತ್ತಲು ಹೋಗಿ ಯಾರಿಗೋ ಒತ್ತಿದೆ, ಕತ್ತರಿಸಿ ಮತ್ತೆ ಒತ್ತಿದೆ.

ಅಬ್ಬಾ ಫೋನ್ ಎತ್ತಲಿಲ್ಲ. ಸಿಮೆಂಟಿನ ಧೂಳು ತಾಗುತ್ತದೆಂದು ಅವರು ಅದನ್ನು ಬುತ್ತಿಯ ಚೀಲದಲ್ಲಿಟ್ಟು ಎಲ್ಲೋ ತೂಗುಹಾಕುತ್ತಾರೆ. ಮನೆಯಾಕೆಗೆ ಮಾಡಿದೆ, ಬಿಜಿ. ಮತ್ತೆ ಮಾಡಿದೆ, ಬಿಜಿ. ನರಗುಂದದಲ್ಲಿದ್ದ ತಮ್ಮ ತಂಗಿಗೆ ಅವರು ವಿಡಿಯೋ ಕಾಲ್ ಮಾಡಿ ಪೋರ್ಚು ಬಿಚ್ಚುವುದನ್ನು ತೋರಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಅಂಗಡಿಯ ಬಾಗಿಲು ಹಾಕಿದೆನೋ ಇಲ್ಲವೋ ಗೊತ್ತಿಲ್ಲ, ಸ್ಕೂಟಿ ತೆಗೆದೆ.

ಆ ದಾರಿಯಲ್ಲಿ ಪಟ್ಟ ಭಯವನ್ನು ನಾನು ಮತ್ತೆಂದೂ ಪಟ್ಟಿಲ್ಲ. ಎರಡೂ ಕಡೆ ಕಡಲೆಯ ಹೊಲ, ಹತ್ತಿ ಬಿಡಿಸುವ ಹೆಂಗಸರು, ಎದುರಿಗೆ ಬರುವ ಬಸ್ಸು. ಎಲ್ಲ ದಿನದ ಹಾಗೇ ಇತ್ತು, ಅದೇ ನನಗೆ ಸಹಿಸಲಾಗಲಿಲ್ಲ. ಅನಿಮೇಶನ್ ಕಲಿಯುವಾಗ ಎಲ್ಲರಿಗೂ ಮೊದಲು ಕೊಡುವ ಅಭ್ಯಾಸ ಚೆಂಡು ಬೀಳಿಸುವುದು. ಬೀಳುವ ವಸ್ತು ಮೊದಲು ನಿಧಾನ, ಆಮೇಲೆ ಬೇಗ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಚೆಂಡಿನಲ್ಲಿ ತೂಕ ಕಾಣದಿದ್ದರೆ ಮೇಷ್ಟ್ರು ಹಾಳೆ ಹರಿದು ಮತ್ತೆ ಬರೆಸುತ್ತಿದ್ದರು. ಮನೆಗಳ ವಿಡಿಯೋ ಮಾಡಲು ಬಂದ ಮೇಲೆ ಆ ತೂಕವನ್ನು ನಾನು ಮರೆತೇಬಿಟ್ಟಿದ್ದೆ. ಕಂಪ್ಯೂಟರಿನಲ್ಲಿ ಸ್ಲ್ಯಾಬನ್ನು ಗಾಳಿಯಲ್ಲಿ ಬಿಟ್ಟರೂ ನಿಂತಿರುತ್ತದೆ. ಈಗ ಸ್ಕೂಟಿಯ ಮೇಲೆ ಕೂತು ಲೆಕ್ಕ ಬೇಡವೆಂದರೂ ತಲೆ ಲೆಕ್ಕ ಹಾಕುತ್ತಿತ್ತು. ಹತ್ತು ಅಡಿ ಮೇಲಿಂದ ಬೀಳಲು ಇಪ್ಪತ್ತು ಚಿತ್ರ ಸಾಕು. ಆ ಇಪ್ಪತ್ತನ್ನೂ ನಾನು ಕಂಡೆ. ಕೆಳಗೆ ನಿಂತ ಅಬ್ಬಾರ ಟೋಪಿ ಸಹಿತ ಕಂಡೆ. ಯಾ ಅಲ್ಲಾ, ಬೆಣೆ ಗಟ್ಟಿಯಾಗಿ ಕೂತಿರಲಿ, ಸುತ್ತಿಗೆಯ ಹಿಡಿ ಮುರಿದಿರಲಿ, ಯಾರಿಗಾದರೂ ಜಗಳ ಹತ್ತಿ ಕೆಲಸ ನಿಂತಿರಲಿ ಎಂದು ಬಾಯಿಗೆ ಬಂದದ್ದೆಲ್ಲ ಬೇಡಿಕೊಂಡೆ.

ನಾನು ಮುಟ್ಟಿದಾಗ ಎಲ್ಲ ಆಳುಗಳೂ ಹೊರಗೆ ನಿಂತಿದ್ದರು. ಮನೆಯಾಕೆ ಮೊಬೈಲನ್ನು ಎತ್ತಿ ಹಿಡಿದಿದ್ದರು. ಬಿಚ್ಚಿದ ತಗಡು, ಕಟ್ಟಿಗೆಯ ರಾಶಿ ಒಂದು ಬದಿಗೆ ಬಿದ್ದಿತ್ತು. ಪೋರ್ಚಿನ ಬಲಮೂಲೆಯಲ್ಲಿ ಎರಡೇ ಕಟ್ಟಿಗೆ ಉಳಿದಿದ್ದವು. ಅಬ್ಬಾ ಅವುಗಳ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೆಣೆಗೆ ಹೊಡೆಯುತ್ತಿದ್ದರು.

ಕೂಗಬೇಕೆಂದುಕೊಂಡೆ. ಕೂಗಿದರೆ ಬೆಚ್ಚಿ ಕೈ ತಪ್ಪೀತು ಎಂದು ಭಯವಾಯಿತು. ನಾನು ನಡೆದುಕೊಂಡೇ ಸ್ಲ್ಯಾಬಿನ ಕೆಳಗೆ ಹೋದೆ. ಹಿಂದಿನಿಂದ ಯಾರೋ ‘ಏ ತಂಗಿ, ಒಳಗ ಹೋಗಬ್ಯಾಡ’ ಎಂದದ್ದು ಕೇಳಿತು. ಹೋಗಿ ಆ ಕಟ್ಟಿಗೆಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ, ನಾನು ಹಿಡಿದರೆ ಆ ಸ್ಲ್ಯಾಬು ನಿಲ್ಲುತ್ತದೆ ಎನ್ನುವ ಹಾಗೆ.

ಅಬ್ಬಾ ತಲೆ ಎತ್ತಿ ನೋಡಿದರು. ನಾನು ಹೇಳಿದ್ದು ಇಷ್ಟೇ: ‘ಅಬ್ಬಾ, ಇಲ್ಲಿ ಕಂಬ ಐತ್ರಿ.’

ಅವರು ಸುತ್ತಿಗೆ ಕೆಳಗಿಡಲಿಲ್ಲ, ಎತ್ತಲೂ ಇಲ್ಲ. ನೆಲವನ್ನೇ ನೋಡಿದರು. ‘ಆ ನೆರಳ’ ಎಂದರು.

ನಾನು ಹೌದೆಂದು ತಲೆಯಾಡಿಸಿದೆ. ಮೇಲಿನಿಂದ ಹಿಟ್ಟಿನಂಥ ಧೂಳು ನನ್ನ ಕೈ ಮೇಲೆ ಉದುರಿತು. ಇಬ್ಬರೂ ಮೇಲೆ ನೋಡಿದೆವು. ಗೋಡೆಯ ಹತ್ತಿರ ತೊಲೆಯ ಮೇಲೆ ಕೂದಲೆಳೆಯಂಥ ಒಂದು ಬಿರುಕು ಬಿಟ್ಟಿತ್ತು. ಅಬ್ಬಾ ಸಡಿಲವಾಗಿದ್ದ ಬೆಣೆಯನ್ನು ತಿರುಗಿ ಒಳಗೆ ಹೊಡೆದರು. ಒಂದೊಂದೇ ಏಟು, ಅವಸರವಿಲ್ಲದೆ. ‘ನೀ ಹೊರಗ ನಡಿ’ ಎಂದರು. ನಾನು ಕಟ್ಟಿಗೆ ಬಿಡಲಿಲ್ಲ. ಆಮೇಲೆ ಅವರೇ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದರು. ತೆಗೆದ ಕಟ್ಟಿಗೆಗಳೆಲ್ಲ ಅರ್ಧ ಗಂಟೆಯಲ್ಲಿ ಮತ್ತೆ ಸ್ಲ್ಯಾಬಿನ ಕೆಳಗೆ ನಿಂತವು.

ಮನೆಯಾಕೆ ಮೊಬೈಲ್ ಇಳಿಸಿದರು. ‘ಏನಾತ್ರಿ ಮೇಸ್ತ್ರಿ?’

‘ಇಲ್ಲೊಂದು ಕಂಬ ಬೇಕಿತ್ರಿ. ತಪ್ಪೇತಿ.’

‘ವಿಡಿಯೋದಾಗ ಇರಲಿಲ್ಲಲ್ಲ?’

ನಾನು ಬಾಯಿ ತೆರೆದೆ. ಅಬ್ಬಾ ನನ್ನ ಕಡೆ ಒಮ್ಮೆ ನೋಡಿದರು. ‘ನಕ್ಷೇದಾಗ ಐತ್ರಿ. ನಾನ ಸರಿ ನೋಡ್ಲಿಲ್ಲ. ಖರ್ಚೆಲ್ಲ ನಂದ, ನಾ ಕಟ್ಟಿ ಕೊಡ್ತೀನಿ’ ಎಂದರು.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚಲೋ ಇತ್ತು. ಅಬ್ಬಾರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ವಯಸ್ಸಾತ್ರಿ ನಿಮಗ. ಕಣ್ಣ ತೋರಸ್ರಿ’ ಎಂದರು. ಅಬ್ಬಾ ‘ಹೌದ್ರಿ’ ಎಂದರು. ನಾನು ತೆರೆದ ಬಾಯನ್ನು ಮುಚ್ಚಿಕೊಂಡೆ. ಆ ಗಳಿಗೆಯಲ್ಲಿ ನನಗೆ ಸ್ಲ್ಯಾಬಿನ ಭಯ ಹೋಗಿ ಇನ್ನೊಂದು ಭಯ ಬಂದಿತ್ತು, ಅಂಗಡಿಯ ಭಯ. ಈ ಮಾತು ಹೊರಗೆ ಬಿದ್ದರೆ ನನ್ನ ಹತ್ತಿರ ಯಾರು ಬರುತ್ತಾರೆ ಎಂಬ ಭಯ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ವಾರದೊಳಗೆ ಸುದ್ದಿ ರೋಣ ಮುಟ್ಟಿತು. ಮೇಸ್ತ್ರಿಯ ಕಣ್ಣು ಹೋಗಿವೆಯಂತೆ ಎಂದು ಚಹಾದ ಅಂಗಡಿಯಲ್ಲಿ ಆಡಿಕೊಂಡರು. ಪುರ್ತಗೇರಿಯಲ್ಲಿ ಮಾತಾಗಿದ್ದ ಒಂದು ಮನೆಯವರು ಬೇರೆ ಗೌಂಡಿಯನ್ನು ಹಿಡಿದರು. ಅಬ್ಬಾ ದಿನಾ ಹೊಳೆಮಣ್ಣೂರಿಗೆ ಹೋಗಿ ಬಲಮೂಲೆಯಲ್ಲಿ ಗುಂಡಿ ತೋಡಿಸಿ, ಎಂಜಿನಿಯರನ್ನು ಕರೆಸಿ ಬಿರುಕು ತೋರಿಸಿ, ಅವರು ಹೇಳಿದಂತೆ ಕಬ್ಬಿಣ ಕಟ್ಟಿಸಿ, ಕಂಬ ಎಬ್ಬಿಸಿದರು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿ ಮಲಗುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ, ನನ್ನ ಸ್ವಭಾವ ಹಾಗೆ. ಅವರು ಆ ದಾರಿಯನ್ನೂ ನನಗೆ ಉಳಿಸಲಿಲ್ಲ. ಅಂಗಡಿಯಲ್ಲಿ ಫೈಲು ತೆರೆಯಲು ಕೂಡ ನನಗೆ ಅಂಜಿಕೆಯಾಗುತ್ತಿತ್ತು. ಯಾವ ಮನೆಯಲ್ಲಿ ಯಾವ ಕಣ್ಣು ಮುಚ್ಚಿದೆಯೋ ಎಂದು ಹಳೆಯ ಪಟ್ಟಿಗಳನ್ನೆಲ್ಲ ತೆರೆದು ಬೆರಳಿಟ್ಟು ನೋಡಿದೆ.

ಎರಡನೆಯ ಸಲ ಬಿಚ್ಚುವ ದಿನ ನಾನೂ ಬರುತ್ತೇನೆ ಎಂದೆ. ಅಬ್ಬಾ ಬೇಡ ಅನ್ನಲಿಲ್ಲ. ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಾ ಹೋದೆ. ಅಲ್ಲಿ ಮನೆಯಾಕೆಯ ಮುಂದೆ ನಿಂತಾಗ ಬೇರೆಯದೇ ಬಂತು.

‘ಅಕ್ಕಾರ, ಅಬ್ಬಾಂದ ಏನೂ ತಪ್ಪಿಲ್ರಿ. ಕಂಬ ಮುಚ್ಚಿದಾಕಿ ನಾನ. ಅವ್ರು ನನ್ನ ಕೇಳಿದ್ರು. ಆದ್ರೂ ನಾ ನೋಡ್ಲಿಲ್ಲ.’

ಅವರು ಮೊಬೈಲ್ ತೆಗೆದು ವಿಡಿಯೋ ಹಾಕಿದರು. ಕ್ಯಾಮರಾ ಬಲಗಡೆಯಿಂದ ಚಂದವಾಗಿ ಬಾಗಿ ಬಂತು. ಅವರು ಮತ್ತೊಮ್ಮೆ ಹಾಕಿ ನೋಡಿದರು. ‘ನಾ ಇದನ್ನ ಊರ ಮಂದಿಗೆಲ್ಲ ತೋರಿಸೇನಿ’ ಎಂದರು. ಮೊಬೈಲ್ ಆರಿಸಿ, ‘ನಿಮ್ಮ ಅಬ್ಬಾನ ಕಣ್ಣಿಗೆ ನಾ ಏನ ಅಂದಿದ್ನಿ ಅದನ್ನೂ ಊರ ಮಂದಿಗೆ ಹೇಳಬೇಕಾತು’ ಎಂದು ಒಳಗೆ ಹೋದರು. ಕ್ಷಮಿಸಿದರೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ.

ಕೊನೆಯ ಕಟ್ಟಿಗೆ ಒಂದೇ ಉಳಿಯಿತು. ಆಳುಗಳು ಹೊರಗೆ ಬಂದರು. ಅಬ್ಬಾ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

‘ಕಟ್ಟಿದವರು ಹೊಡೀಬೇಕು. ನಡಿ, ನಾನೂ ಬರ್ತೀನಿ.’

ಇಬ್ಬರೂ ಸ್ಲ್ಯಾಬಿನ ಕೆಳಗೆ ಹೋದೆವು. ಮೊದಲ ಏಟು ನೆಲಕ್ಕೆ ಬಿತ್ತು. ಎರಡನೆಯದು ಬೆಣೆಗೆ ಬಿತ್ತು, ಅದು ಕದಲಲಿಲ್ಲ. ಬಿಸ್ಮಿಲ್ಲಾ ಅನ್ನುವುದನ್ನೂ ಮರೆತಿದ್ದೆ, ಅಬ್ಬಾ ನೆನಪಿಸಿದರು. ಆರನೆಯದಕ್ಕೋ ಏಳನೆಯದಕ್ಕೋ ಬೆಣೆ ಹಾರಿತು, ಕಟ್ಟಿಗೆ ವಾಲಿತು, ಅಬ್ಬಾ ಅದನ್ನು ಹಿಡಿದು ನೆಲಕ್ಕೆ ಮಲಗಿಸಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಸ್ಲ್ಯಾಬು ಮೇಲೆಯೇ ಇತ್ತು. ನಾವಿಬ್ಬರೂ ಕೆಳಗೇ ಇದ್ದೆವು.

ಹೊರಗೆ ಬಂದು ಕಟ್ಟಿಗೆಯ ರಾಶಿಯ ಮೇಲೆ ಕೂತೆವು. ಮನೆಯಾಕೆ ಚಹಾ ಕಳಿಸಿದರು. ನಾನು ಬಟ್ಟಲು ಹಿಡಿದು ಸ್ಲ್ಯಾಬನ್ನೇ ನೋಡುತ್ತಿದ್ದೆ.

‘ಅಂಜಿಕಿ ಆತೇನ?’ ಎಂದರು ಅಬ್ಬಾ.

‘ಭಾಳ ಆತ್ರಿ. ನಿಮಗ ಎಂದೂ ಆಗೂದೇ ಇಲ್ಲೇನು?’

ಅವರು ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟರು. ‘ಪ್ರತಿ ಮನಿಗೂ ಆಗತೈತಿ ಬೇಟಿ. ಅಂಜಿಕಿ ಇಲ್ಲದ ಒಂದು ಸ್ಲ್ಯಾಬಿನ ಬುಡಕೂ ನಾ ಹೋಗಿಲ್ಲ. ಹಿಂದಿನ ದಿನಾನ ಎಲ್ಲಾ ತಿರುಗಿ ನೋಡತೀನಿ, ಕೈಯಿಂದ ಬಡದು ನೋಡತೀನಿ. ಈ ಮನಿ ಒಂದಕ್ಕ ಆವತ್ತು ಅಂಜಲಿಲ್ಲ.’

ಅವರು ಸುತ್ತಿಗೆಯನ್ನು ಬುತ್ತಿಯ ಚೀಲಕ್ಕೆ ಹಾಕಿದರು. ಆಮೇಲೆ ಹೇಳಿದರು.

‘ನೀ ಮಾಡಿದ್ದು ಅಂತ.’